ನೆಲದೊಳಗೊಂದು ಕಿಟಕಿ

(ಸಂಘದ ವಾರ್ಷಿಕ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಶಾಲಾ ಕೈತೋಟದ ಬಗ್ಗೆ ಮಾತನಾಡಬೇಕು ಎಂದು ಸಂಘಟಕರು ನನಗೆ ಹೇಳಿದ್ದಾರೆ. ಗಿಡ ನೆಡುವುದು ಹೇಗೆ, ಗೊಬ್ಬರ ಹಾಕುವುದು ಹೇಗೆ ಎಂಬುದು ನನಗಿಂತ ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿದೆ. ಆದ್ದರಿಂದ ನಾನು ಇವತ್ತು ಗಿಡದ ಮೇಲಿನ ಅರ್ಧವನ್ನು ಬಿಟ್ಟು ಕೆಳಗಿನ ಅರ್ಧದ ಬಗ್ಗೆ ಹೇಳುತ್ತೇನೆ. ಅಲಸಂಡೆ ಬಳ್ಳಿಯಲ್ಲಿ ಎಷ್ಟು ಕೋಡು ಬಿಟ್ಟಿದೆ ಎಂದು ನಾವು ಎಣಿಸಬಹುದು. ಆದರೆ ಅದರ ಬೇರಿನಲ್ಲಿರುವ ಸಣ್ಣ ಸಣ್ಣ ಗಂಟುಗಳನ್ನು, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾಗಳ ಆ ಮನೆಗಳನ್ನು, ಗಿಡ ಕಿತ್ತು ಕೊಲ್ಲದೆ ನೋಡುವುದು ಹೇಗೆ? ಅದಕ್ಕೆ ಒಂದು ಉಪಾಯ ಇದೆ. ತೋಟದ ಪಕ್ಕದಲ್ಲಿ ನೆಲದೊಳಗೆ ಒಂದು ಪೆಟ್ಟಿಗೆ ಇಳಿಸುವುದು. ಆ ಪೆಟ್ಟಿಗೆಯ ಒಂದು ಗೋಡೆಗೆ ಗಾಜಿನ ಕಿಟಕಿ ಇಡುವುದು. ಮೇಲಿನಿಂದ ಮುಚ್ಚಳ ತೆಗೆದು, ಮೊಣಕಾಲೂರಿ ಕುಳಿತು ನೋಡಿದರೆ ಗಾಜಿನ ಆಚೆ ಮಣ್ಣು ಕಾಣುತ್ತದೆ. ಬೇರು ಇಳಿಯುವುದು, ಎರೆಹುಳು ದಾರಿ ಕೊರೆಯುವುದು ಎಲ್ಲವೂ ಕಾಣುತ್ತದೆ.

ಇದು ಹೊಸ ವಿಚಾರವಲ್ಲ. ಜರ್ಮನಿಯ ಸಸ್ಯವಿಜ್ಞಾನಿ ಯೂಲಿಯಸ್ ಸಾಕ್ಸ್ 19ನೇ ಶತಮಾನದಲ್ಲೇ ಒಂದು ಬದಿಗೆ ಗಾಜು ಇರುವ ಪೆಟ್ಟಿಗೆಯಲ್ಲಿ ಗಿಡ ಬೆಳೆಸಿ ಬೇರಿನ ಅಧ್ಯಯನ ಮಾಡಿದ್ದರು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ 1960ರ ದಶಕದಲ್ಲಿ ಹಣ್ಣಿನ ಮರಗಳ ಬೇರುಗಳನ್ನು ನೋಡಲು ನೆಲದಡಿಯಲ್ಲಿ ನಡೆದಾಡುವಷ್ಟು ದೊಡ್ಡ ಕೋಣೆಯನ್ನೇ ಕಟ್ಟಿದರು. ನಮಗೆ ಕೋಣೆ ಬೇಡ, ಒಂದು ಪೆಟ್ಟಿಗೆ ಸಾಕು. ಆದರೆ ಇಂಗ್ಲೆಂಡಿನಲ್ಲಿ ಇಲ್ಲದ ಒಂದು ತೊಂದರೆ ನಮಗಿದೆ. ಅದು ನಮ್ಮ ಮಳೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಹೋಗುತ್ತದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ ನಿಮ್ಮ ಅಂಗಳದ ಒಂದೊಂದು ಚದರ ಮೀಟರಿನ ಮೇಲೆ ಒಂದು ವರ್ಷಕ್ಕೆ 4,000 ಲೀಟರ್ ನೀರು ಬೀಳುತ್ತದೆ. ಅಂಥ ಊರಿನಲ್ಲಿ ನೆಲದೊಳಗೆ ಒಂದು ಪೆಟ್ಟಿಗೆ ಇಟ್ಟು ಅದನ್ನು ಒಣಗಿಸಿ ಇಡುವುದು ಹೇಗೆ?

ನಾನು ಇದನ್ನು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ. ಮೂರು ಪೆಟ್ಟಿಗೆ ಕಟ್ಟಿಸಿದ್ದೇನೆ. ಅದರಲ್ಲಿ ಎರಡು ಕೆಟ್ಟವು. ಒಂದು ಉಳಿದಿದೆ.

ಮೊದಲ ಪೆಟ್ಟಿಗೆ: ಬಂಟ್ವಾಳ

ಹಲವು ವರ್ಷಗಳ ಹಿಂದೆ ನಾನು ಬಂಟ್ವಾಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಕ್ಕಳಿಂದ ಹಣ ಸೇರಿಸಿ, ಊರಿನ ದಾನಿಗಳಿಂದ ಸ್ವಲ್ಪ ತಂದು, ಒಂದು ಫೈಬರ್ ಪೆಟ್ಟಿಗೆ ಮಾಡಿಸಿದೆ. ಒಂದು ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ, 75 ಸೆಂಟಿಮೀಟರ್ ಆಳ. ಒಂದು ಬದಿಗೆ ದಪ್ಪ ಅಕ್ರಿಲಿಕ್ ಹಾಳೆ ಕೂಡಿಸಿದ್ದರು. ಒಂದು ತೊಟ್ಟು ನೀರೂ ಒಳಗೆ ಹೋಗದಂಥ ಕೆಲಸ. ಏಪ್ರಿಲ್ ತಿಂಗಳಿನಲ್ಲಿ ಮಕ್ಕಳೆಲ್ಲ ಸೇರಿ ಗುಂಡಿ ತೋಡಿ ಅದನ್ನು ಇಳಿಸಿದೆವು.

ಮಣ್ಣು ಮುಚ್ಚುವಾಗ ಒಬ್ಬ ಹುಡುಗ ತನ್ನ ಗೆಳೆಯನ ಕಿವಿಯಲ್ಲಿ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದ. ಆ ಹುಡುಗ ತರಗತಿಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅಂಕವೂ ಅಷ್ಟಕ್ಕಷ್ಟೆ. ಏನಂತೆ ಎಂದು ನಾನು ಕೇಳಿದೆ. ಗೆಳೆಯ ಕನ್ನಡದಲ್ಲಿ ಹೇಳಿದ: “ಸಾರ್, ಮಳೆ ಹಿಡಿದ ಮೇಲೆ ಈ ಪೆಟ್ಟಿಗೆ ಎದ್ದು ಬರ್ತದಂತೆ. ಇವನ ಅಪ್ಪ ಬಾವಿ ತೋಡುವವರು.”

ನಾನು ನಕ್ಕೆ. “ನೆಲದಲ್ಲಿ ಹೂತ ಪೆಟ್ಟಿಗೆ ಎದ್ದು ಬರಲಿಕ್ಕೆ ಅದೇನು ದೋಣಿಯಾ?” ಎಂದೆ. ಎಲ್ಲ ಮಕ್ಕಳೂ ನಕ್ಕರು. ಅವನು ತಲೆ ತಗ್ಗಿಸಿ ಮಣ್ಣು ಎಳೆಯತೊಡಗಿದ.

ಜೂನ್ ತಿಂಗಳಿನಲ್ಲಿ ಶಾಲೆ ಶುರುವಾಗಿ ಎರಡು ವಾರ ಆಗಿತ್ತು. ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಪೆಟ್ಟಿಗೆ ಒಂದು ಬದಿಗೆ ವಾಲಿ, ನೆಲದಿಂದ ಒಂದೂವರೆ ಅಡಿ ಮೇಲೆ ಎದ್ದು ನಿಂತಿದೆ. ಅಕ್ರಿಲಿಕ್ ಹಾಳೆ ಸೀಳಿತ್ತು. ಪಕ್ಕದಲ್ಲಿ ನೆಟ್ಟ ಬೆಂಡೆ, ಅಲಸಂಡೆ ಗಿಡಗಳೆಲ್ಲ ಮಣ್ಣಿನೊಂದಿಗೆ ಕುಸಿದು ಗುಂಡಿಗೆ ಬಿದ್ದಿದ್ದವು.

ಲೆಕ್ಕ ಬಹಳ ಸುಲಭ. ಉದ್ದ, ಅಗಲ, ಆಳ ಗುಣಿಸಿದರೆ ಆ ಪೆಟ್ಟಿಗೆ 600 ಲೀಟರ್ ಜಾಗ ತೆಗೆದುಕೊಂಡಿತ್ತು. ಸುತ್ತ ನೀರು ನೆಲದ ಮಟ್ಟಕ್ಕೆ ಬಂದರೆ ಅದನ್ನು ಕೆಳಗಿನಿಂದ ಮೇಲಕ್ಕೆ ತಳ್ಳುವ ಬಲ 600 ಕಿಲೋ ತೂಕಕ್ಕೆ ಸಮ. ಪೆಟ್ಟಿಗೆಯ ಸ್ವಂತ ತೂಕ 40 ಕಿಲೋ. ಅದು ದೋಣಿಯೇ ಆಗಿತ್ತು. ಆರ್ಕಿಮಿಡೀಸ್ ತತ್ವವನ್ನು ಅದೇ ವರ್ಷ ಒಂಬತ್ತನೇ ತರಗತಿಗೆ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡಿದವನು ನಾನು. ಆ ತತ್ವ ಶಾಲೆಯ ಅಂಗಳದಲ್ಲಿ ನಿಂತಾಗ ಅದನ್ನು ಗುರುತಿಸಿದವನು ಆ ಹುಡುಗ. ಖಾಲಿ ಇರುವ ಹೊಸ ನೀರಿನ ಟ್ಯಾಂಕಿ ಮಳೆಗಾಲದಲ್ಲಿ ಗುಂಡಿಯಿಂದ ಎದ್ದುಬಂದದ್ದನ್ನು ಅವನು ಅಪ್ಪನ ಜೊತೆ ಹೋದಾಗ ಕಣ್ಣಾರೆ ನೋಡಿದ್ದನಂತೆ. ಅದು ನನಗೆ ಆಮೇಲೆ ತಿಳಿಯಿತು.

ಬಂಟ್ವಾಳದವರಿಗೆ 1974ರ ನೇತ್ರಾವತಿಯ ನೆರೆಯ ಬಗ್ಗೆ ಹಿರಿಯರು ಹೇಳಿರುತ್ತಾರೆ. ಹೊಳೆಯ ನೆರೆ ಕಣ್ಣಿಗೆ ಕಾಣುತ್ತದೆ. ನೆಲದೊಳಗೂ ಪ್ರತಿ ವರ್ಷ ಒಂದು ನೆರೆ ಏರುತ್ತದೆ, ಅದು ಕಾಣುವುದಿಲ್ಲ. ಆಟಿ ತಿಂಗಳಿನಲ್ಲಿ ನಿಮ್ಮ ಬಾವಿಯನ್ನು ಬಗ್ಗಿ ನೋಡಿ. ಮೇ ತಿಂಗಳಿನಲ್ಲಿ ಹಗ್ಗ ಸಾಲದಿದ್ದ ಬಾವಿಯಲ್ಲಿ ಆಗ ಕೈಯಿಂದ ಮುಟ್ಟುವಷ್ಟು ಹತ್ತಿರ ನೀರು ಇರುತ್ತದೆ. ಬಾವಿಯಲ್ಲಿ ನೀರು ಎಲ್ಲಿಯವರೆಗೆ ಇದೆಯೋ ಸುತ್ತಲಿನ ಮಣ್ಣಿನೊಳಗೂ ಹೆಚ್ಚುಕಡಿಮೆ ಅಲ್ಲಿಯವರೆಗೆ ನೀರು ಇದೆ ಎಂದು ಅರ್ಥ.

ನಮ್ಮ ಮಣ್ಣಿನೊಳಗೆ ನೀರಿನ ದಾರಿ

ಇದನ್ನು ತಿಳಿಯಲು ನಮ್ಮ ಮುರಕಲ್ಲನ್ನು ಸ್ವಲ್ಪ ತಿಳಿಯಬೇಕು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳಲ್ಲಿ ಸುತ್ತಾಡಿದರು. ಮೆತ್ತಗಿರುವಾಗ ಕತ್ತರಿಸಿ, ಗಾಳಿಗೆ ಒಣಗಿಸಿ ಗಟ್ಟಿಯಾದ ಮೇಲೆ ಮನೆ ಕಟ್ಟುವ ಈ ಕಲ್ಲನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಕೇರಳದ ಅಂಗಾಡಿಪುರಂನಲ್ಲಿ ನೋಡಿದ ಕಲ್ಲಿಗೆ ಇಟ್ಟ ಆ ಹೆಸರು 1807ರಲ್ಲಿ ಅಚ್ಚಾದ ಅವರ ಪುಸ್ತಕದಿಂದ ಲೋಕಕ್ಕೆಲ್ಲ ಹಬ್ಬಿತು. ನಾವು ಮುರಕಲ್ಲು, ಕೆಂಪುಕಲ್ಲು ಎನ್ನುತ್ತೇವೆ.

ಮುರಕಲ್ಲಿನ ಮೈತುಂಬ ತೂತುಗಳು. ನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು ಇರುತ್ತದೆ. ಅದರೊಳಗೆ ನೀರು ಬೇಗ ಇಳಿಯುವುದಿಲ್ಲ. ಆದ್ದರಿಂದ ಮೇಲಿನಿಂದ ಇಳಿದ ನೀರು ಅಲ್ಲಿ ನಿಂತು, ಗುಡ್ಡದ ಒಳಗೇ ಅಡ್ಡಡ್ಡ ಹರಿಯುತ್ತದೆ. ಶೇಡಿ ಮಣ್ಣು ಒಣಗಿರುವಾಗ ಗಟ್ಟಿ, ನೀರು ಕುಡಿದ ಮೇಲೆ ಬಲ ಕಳೆದುಕೊಳ್ಳುತ್ತದೆ. ನೀರು ತುಂಬಿದ ಗುಡ್ಡ ಏನು ಮಾಡಬಹುದು ಎಂಬುದನ್ನು 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆಯ ಭೂಕುಸಿತದಲ್ಲಿ ಬೆಳ್ತಂಗಡಿಯವರು ನೋಡಿದ್ದೀರಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಬೆಳ್ತಂಗಡಿಯಲ್ಲೇ ಇದೆ. ಟಿಪ್ಪು ಸುಲ್ತಾನ್ 1794ರಲ್ಲಿ ಜಮಲಾಬಾದ್ ಕೋಟೆ ಕಟ್ಟಿಸಿದ ಗಡಾಯಿಕಲ್ಲು ಒಂದೇ ದೊಡ್ಡ ಗ್ರಾನೈಟ್ ಬಂಡೆ. ಆ ಕಲ್ಲಿನೊಳಗೆ ನೀರು ಇಳಿಯುವುದಿಲ್ಲ. ಆದ್ದರಿಂದ ಮೇಲೆ ಬಿದ್ದ ಮಳೆನೀರನ್ನು ಬಂಡೆಯ ಮೇಲೆಯೇ ಕೆರೆಯಾಗಿ ನಿಲ್ಲಿಸಿಕೊಳ್ಳಲು ಸಾಧ್ಯವಾಯಿತು. ನಮ್ಮ ಹೆಚ್ಚಿನ ಶಾಲೆಗಳು ಇರುವುದು ಅಂಥ ಬಂಡೆಯ ಮೇಲಲ್ಲ, ಮುರಕಲ್ಲಿನ ಪದವಿನ ಮೇಲೆ. ಇಲ್ಲಿ ನೀರು ಕಾಲಡಿಯಲ್ಲೇ ನಡೆದುಹೋಗುತ್ತಿರುತ್ತದೆ.

ಈ ಅಡ್ಡ ಹರಿಯುವ ನೀರನ್ನು ನಂಬಿಯೇ ನಮ್ಮ ಬಂಟ್ವಾಳ ತಾಲೂಕಿನ ಗಡಿಭಾಗದಲ್ಲಿ ಮತ್ತು ಕಾಸರಗೋಡಿನಲ್ಲಿ ಜನ ಸುರಂಗ ಕೊರೆದರು. ಕೇಪು ಗ್ರಾಮದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಹೆಸರು ನೀವು ಕೇಳಿದ್ದೀರಿ. ಕೂಲಿ ಕೆಲಸ ಮಾಡುತ್ತಿದ್ದ ಅವರಿಗೆ ಸಿಕ್ಕಿದ ಗುಡ್ಡದ ಜಾಗದಲ್ಲಿ ನೀರಿರಲಿಲ್ಲ. ಒಬ್ಬರೇ ಗುದ್ದಲಿ ಹಿಡಿದು ಸುರಂಗ ಕೊರೆದರು. ಒಂದಲ್ಲ, ಹಲವು ಸುರಂಗಗಳು ಒಣಗಿದವಾದವು. ಬಿಡದೆ ಕೊರೆದು ಕೊನೆಗೆ ನೀರು ತಂದು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಕೊರೆದದ್ದು ನೀರನ್ನು ಒಳಗೆ ತರಲು. ನಾವು ಪೆಟ್ಟಿಗೆ ಇಳಿಸುವುದು ನೀರನ್ನು ಹೊರಗೆ ಇಡಲು. ಇಬ್ಬರಿಗೂ ನೀರಿನ ದಾರಿ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ.

ಎರಡನೆಯ ಪೆಟ್ಟಿಗೆ: ಬೆಳ್ತಂಗಡಿ

ಎರಡನೆಯ ಪೆಟ್ಟಿಗೆಯನ್ನು ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿಸಿದೆ. ಹೊರ ಅಳತೆ ಅದೇ. ಗೋಡೆ ಮತ್ತು ತಳ 10 ಸೆಂಟಿಮೀಟರ್ ದಪ್ಪ. ಇದರ ತೂಕ ಲೆಕ್ಕ ಹಾಕಿ. ಒಳಗಿನ ಖಾಲಿ ಜಾಗ 312 ಲೀಟರ್. ಉಳಿದ 288 ಲೀಟರ್ ಕಾಂಕ್ರೀಟು. ಒಂದು ಲೀಟರ್ ಕಾಂಕ್ರೀಟಿಗೆ ಸುಮಾರು 2.4 ಕಿಲೋದಂತೆ 690 ಕಿಲೋ. ಗಾಜಿನ ಕಿಟಕಿಗಾಗಿ 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಎತ್ತರದ ಬಾಯಿ ಬಿಟ್ಟರೆ ಸುಮಾರು 60 ಕಿಲೋ ಕಡಿಮೆಯಾಗುತ್ತದೆ. ಉಳಿಯುವುದು 630 ಕಿಲೋ. ನೀರು ಮೇಲಕ್ಕೆ ತಳ್ಳುವುದು 600 ಕಿಲೋ. ನಡುವೆ ಇರುವುದು ಒಂದು ಅಕ್ಕಿ ಮೂಟೆಯಷ್ಟೂ ಅಲ್ಲ! ಕಿಟಕಿಯನ್ನು ಇಡೀ ಗೋಡೆಯಷ್ಟು ದೊಡ್ಡದು ಮಾಡಿದ್ದರೆ ಕಾಂಕ್ರೀಟಿನ ಪೆಟ್ಟಿಗೆಯೂ ತೇಲುತ್ತಿತ್ತು.

ಈ ಸಲ ನಾನು ಸ್ವಲ್ಪ ಬುದ್ಧಿ ಕಲಿತಿದ್ದೆ. ತಳದ ಹಾಸನ್ನು ಕಿಟಕಿಯಿಲ್ಲದ ಮೂರು ಬದಿಗಳಲ್ಲಿ ಗೋಡೆಗಿಂತ ಅರ್ಧ ಅಡಿ ಹೊರಗೆ ಚಾಚಿಸಿದೆ. ಆ ಚಾಚಿನ ಮೇಲೆ ಕೂರುವ ಮಣ್ಣೇ ಪೆಟ್ಟಿಗೆಯನ್ನು ಒತ್ತಿ ಹಿಡಿಯುತ್ತದೆ. ನೀರಿನಲ್ಲಿ ಮುಳುಗಿದಾಗ ಮಣ್ಣಿನ ಭಾರ ಕಡಿಮೆಯಾಗುತ್ತದೆ ನಿಜ, ಆದರೂ 200 ಕಿಲೋಗಿಂತ ಹೆಚ್ಚು ಸಿಗುತ್ತದೆ. ಆ ಪೆಟ್ಟಿಗೆ ಅಲ್ಲಾಡಲಿಲ್ಲ. ಒಳಗೆ ನೀರೂ ನಿಲ್ಲಲಿಲ್ಲ. ಆದರೆ ಏನೂ ಕಾಣಲಿಲ್ಲ!

ಮೇಲೆ ಮುಚ್ಚಿದ ಗಾಜಿನ ಒಳಮೈಯಲ್ಲಿ ಹನಿಗಳು. ಒರೆಸಿದರೆ ಮರುದಿನ ಬೆಳಿಗ್ಗೆ ಮತ್ತೆ ಹನಿಗಳು. ಎಲ್ಲಿಯೋ ಸೋರುತ್ತಿದೆ ಎಂದು ನಾನು ತಿಂಗಳುಗಟ್ಟಲೆ ಹುಡುಕಿದೆ. ಸೋರುತ್ತಿರಲಿಲ್ಲ, ಗಾಳಿಯೊಳಗಿನ ಆವಿಯೇ ನೀರಾಗುತ್ತಿತ್ತು. 30 ಡಿಗ್ರಿ ಬಿಸಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಹಿಡಿಯುತ್ತದೆ. 25 ಡಿಗ್ರಿಗೆ ಇಳಿದರೆ ಸುಮಾರು 23 ಗ್ರಾಂ ಮಾತ್ರ. ರಾತ್ರಿ ಗಾಜು ತಣ್ಣಗಾದಾಗ ಹೆಚ್ಚಾದ ಆವಿ ಅದರ ಮೇಲೆ ಕೂರುತ್ತದೆ. ನಮ್ಮ ಪೆಟ್ಟಿಗೆಯ ಗಾಳಿಯಲ್ಲಿ ಹಾಗೆ ಕೂರುವುದು ಎರಡು ಗ್ರಾಮಿನಷ್ಟು. ಅರ್ಧ ಚಮಚ ನೀರು. ಅಷ್ಟು ಸಾಕು ಗಾಜನ್ನು ಮಬ್ಬು ಮಾಡಲು.

ಆವಿ ಹೀರುವ ಸಿಲಿಕಾ ಜೆಲ್ ತಂದು ಇಟ್ಟೆ. ಒಂದೇ ವಾರದಲ್ಲಿ ಅದರ ಬಣ್ಣ ಬದಲಾಯಿತು. ಯಾಕೆಂದರೆ ಕಾಂಕ್ರೀಟು ನೀರನ್ನು ತಡೆದರೂ ಆವಿಯನ್ನು ಪೂರ್ತಿ ತಡೆಯುವುದಿಲ್ಲ. ಒದ್ದೆ ಮಣ್ಣಿನಿಂದ ಗೋಡೆಯ ಮೂಲಕ ತೇವ ದಿನವೂ ಒಳಗೆ ಬರುತ್ತಿತ್ತು. ಆ ಮಳೆಗಾಲವಿಡೀ ಮಕ್ಕಳು ಮುಚ್ಚಳ ತೆಗೆದು, ಗಾಜು ಒರೆಸಿ, ಬೇಸತ್ತು ಹೋದರು. ಮರುವರ್ಷ ಅದು ಹಳೆಯ ಬೆಂಚು ಇಡುವ ಜಾಗವಾಯಿತು.

ಮೂರನೆಯ ಪೆಟ್ಟಿಗೆ: ಮೂಡುಬಿದಿರೆ

ಮೂಡುಬಿದಿರೆ ಕಡೆಯ ಒಂದು ಶಾಲೆಯವರು ಕೈತೋಟಕ್ಕೆ ಸಲಹೆ ಕೇಳಿದಾಗ ನನಗೆ ಬಂಟ್ವಾಳದ ಆ ಹುಡುಗ ನೆನಪಾದ. ಹತ್ತನೆಯ ತರಗತಿಯ ನಂತರ ಅವನು ಶಾಲೆ ಬಿಟ್ಟಿದ್ದ. ಅಂಗಳದಲ್ಲಿ ನಾನು ನಕ್ಕದ್ದೇ ಅದಕ್ಕೆ ಕಾರಣ ಎಂದು ಹೇಳಲಾರೆ. ಮನೆಯ ಕಷ್ಟವೂ ಇತ್ತು. ಆದರೆ ಶಾಲೆಯಲ್ಲಿ ಅವನಿಗೆ ಗೊತ್ತಿದ್ದ ಒಂದು ವಿಷಯವನ್ನು ಅವನು ಒಮ್ಮೆ ಹೇಳಿದ್ದ, ಅದಕ್ಕೆ ಅವನ ಮೇಷ್ಟ್ರೇ ನಕ್ಕಿದ್ದರು ಎಂಬುದು ಮಾತ್ರ ಸತ್ಯ.

ವಿಚಾರಿಸಿಕೊಂಡು ಹೋದೆ. ಈಗ ಅವರು ಟ್ಯಾಂಕಿ ಕಟ್ಟುವ ಮೇಸ್ತ್ರಿ. ಮಸೀದಿಗಳಲ್ಲಿ ವುಝೂ ಮಾಡುವ ಹೌಳ್ ಕಟ್ಟಿದ್ದಾರೆ. ನಾನು ವಿಷಯ ಹೇಳಿದಾಗ ಅವರು ಹಳೆಯದನ್ನು ಎತ್ತಲಿಲ್ಲ. “ಹೌಳ್‌ನಲ್ಲಿ ನೀರು ಹೊರಗೆ ಹೋಗಬಾರದು, ಇದರಲ್ಲಿ ಒಳಗೆ ಬರಬಾರದು. ಕೆಲಸ ಒಂದೇ ಅಲ್ವಾ ಸಾರ್?” ಎಂದರು. ಮರುದಿನವೇ ಬಂದು ಜಾಗ ನೋಡಿದರು.

ಅವರು ಮಾಡಿದ ಮೊದಲ ಕೆಲಸ ಗುಂಡಿ ತೋಡುವುದಲ್ಲ. ಶಾಲೆಯ ಬಾವಿಯಲ್ಲಿ ನೀರು ಎಷ್ಟು ಮೇಲೆ ಬರುತ್ತದೆ ಎಂದು ಅಡುಗೆಯವರನ್ನು ಕೇಳಿದರು. ಮಳೆ ಬಂದಾಗ ಅಂಗಳದ ನೀರು ಯಾವ ಕಡೆಗೆ ಓಡುತ್ತದೆ ಎಂದು ಮಕ್ಕಳನ್ನು ಕೇಳಿದರು. ಆಮೇಲೆ ತೋಟದ ಕೆಳಗಿನ ಬರೆಗೆ ಹತ್ತಿರದಲ್ಲಿ, ಆದರೆ ಅದರ ಅಂಚಿನಿಂದ ಸಾಕಷ್ಟು ಹಿಂದೆ, ಜಾಗ ತೋರಿಸಿದರು. “ನೀರಿಗೆ ಹೋಗಲಿಕ್ಕೆ ಒಂದು ದಾರಿ ಬೇಕು. ದಾರಿ ಇಲ್ಲದಿದ್ದರೆ ಅದು ನಮ್ಮ ಪೆಟ್ಟಿಗೆಯನ್ನೇ ದಾರಿ ಮಾಡ್ತದೆ” ಎಂದರು. ನಾನು ಎರಡು ಪೆಟ್ಟಿಗೆ ಕೆಡಿಸಿ ಕಲಿಯದಿದ್ದದ್ದು ಇಷ್ಟೇ. ನಾನು ನೀರನ್ನು ತಡೆಯಲು ಹೊರಟಿದ್ದೆ. ಅವರು ಮೊದಲು ಅದನ್ನು ಕಳುಹಿಸಿಕೊಟ್ಟು, ಉಳಿದದ್ದನ್ನು ಮಾತ್ರ ತಡೆದರು.

ಕಟ್ಟುವ ಕ್ರಮವನ್ನು ಈಗ ಹೇಳುತ್ತೇನೆ. ಬೇಕಾದವರು ಬರೆದುಕೊಳ್ಳಿ.

ಒಂದು. ಕೆಲಸ ಜನವರಿ, ಫೆಬ್ರವರಿಯಲ್ಲಿ ಮಾಡಿ. ಗುಂಡಿ ಪೆಟ್ಟಿಗೆಗಿಂತ ಎಲ್ಲ ಬದಿಗೂ ಒಂದಡಿ ದೊಡ್ಡದಿರಲಿ. ಮೂರಡಿಗಿಂತ ಆಳ ಬೇಡ. ಸಡಿಲ ಮಣ್ಣಿನ ಗುಂಡಿಯೊಳಗೆ ಮಕ್ಕಳನ್ನು ಇಳಿಸಬೇಡಿ. ಕರೆಂಟಿನ ಕೇಬಲ್, ನೀರಿನ ಪೈಪು ಅಡ್ಡ ಹೋಗಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಎರಡು. ಗುಂಡಿಯ ತಳಕ್ಕೆ ಅರ್ಧ ಅಡಿ ಜಲ್ಲಿ ಹಾಕಿ. ಅದರೊಳಗೆ ತೂತು ಕೊರೆದ ಮೂರು ಇಂಚಿನ ಪಿವಿಸಿ ಪೈಪನ್ನು ತೆಳು ಬಟ್ಟೆಯಂಥ ಬಲೆ ಸುತ್ತಿ ಮಲಗಿಸಿ. ಬಲೆ ಇಲ್ಲದಿದ್ದರೆ ಮಣ್ಣು ಹೋಗಿ ತೂತು ಕಟ್ಟುತ್ತದೆ. ಪೈಪು ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರಾಗಿ ಹೋಗಿ ಬರೆಯ ಕೆಳಗೆ ಅಥವಾ ತೋಡಿಗೆ ಬಾಯಿ ತೆರೆಯಬೇಕು. ಬಾಯಿಗೆ ಇಲಿ, ಕಪ್ಪೆ ಹೋಗದಂತೆ ಜಾಲರಿ ಹಾಕಿ. ಪೆಟ್ಟಿಗೆಯ ಸುತ್ತ ಏರಿಬರುವ ನೀರು ಜಲ್ಲಿಗೆ ಇಳಿದು ಈ ಪೈಪಿನಿಂದ ಹೊರಗೆ ಹೋಗುತ್ತದೆ. ಇಡೀ ಕೆಲಸದ ಜೀವ ಇದೇ. ಸಮತಟ್ಟು ಜಾಗದಲ್ಲಿ, ನೀರು ಹೋಗಲು ಕೆಳಗೆ ಜಾಗವಿಲ್ಲದ ಕಡೆ, ಈ ಪೆಟ್ಟಿಗೆ ಕಟ್ಟಲು ಹೋಗಬೇಡಿ.

ಮೂರು. ತಳದ ಹಾಸು ಮೂರು ಬದಿಗೆ ಅರ್ಧ ಅಡಿ ಚಾಚಿರಲಿ. ಪೈಪು ಯಾವತ್ತಾದರೂ ಕಟ್ಟಿಕೊಂಡರೆ ಪೆಟ್ಟಿಗೆ ಏಳದಂತೆ ಇದು ಕಾಯುತ್ತದೆ. ಸೋರುವುದು ಹೆಚ್ಚಾಗಿ ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ. ಆ ಮೂಲೆಯನ್ನು ಒಳಗಿನಿಂದ ಗಾರೆ ತುಂಬಿ ಗೋಲವಾಗಿ ತೀಡಬೇಕು. ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನ ಒದ್ದೆ ಗೋಣಿ ಹೊದಿಸಿ ನೀರು ಕುಡಿಸಬೇಕು. ಆಮೇಲೆ ಕಿಟಕಿಯ ತಳದವರೆಗೆ ಒಳಗೆ ನೀರು ನಿಲ್ಲಿಸಿ, ಪೆನ್ಸಿಲ್ ಗೆರೆ ಹಾಕಿ, ಪಾತ್ರೆಯಂತೆ ಮುಚ್ಚಿಟ್ಟು 24 ಗಂಟೆ ಬಿಟ್ಟು ನೋಡಿ. ಗೆರೆ ಬಿಟ್ಟು ನೀರು ಇಳಿದಿದ್ದರೆ ಎಲ್ಲಿಂದ ಹೊರಗೆ ಹೋಯಿತೋ ಮಳೆಗಾಲದಲ್ಲಿ ಅಲ್ಲಿಂದಲೇ ಒಳಗೆ ಬರುತ್ತದೆ. ಮಣ್ಣು ಮುಚ್ಚುವ ಮೊದಲೇ ಸರಿಮಾಡಿ.

ನಾಲ್ಕು. ಕಿಟಕಿಗೆ 10 ಮಿಲಿಮೀಟರ್ ದಪ್ಪದ ಟಫನ್ಡ್ ಗಾಜು. ಅದನ್ನು ಒಳಗಿನಿಂದ ಕೂರಿಸಬೇಡಿ, ಮಣ್ಣಿನ ಕಡೆಯಿಂದ ಚೌಕಟ್ಟಿನ ಮೆಟ್ಟಿಲಿಗೆ ಒರಗಿಸಿ ಕೂರಿಸಿ. ನೀರು ಏರಿದರೆ ಆ ಗಾಜಿನ ಮೇಲೆ ಸುಮಾರು 100 ಕಿಲೋ ಒತ್ತಡ ಬೀಳುತ್ತದೆ, ಜೊತೆಗೆ ಮಣ್ಣಿನದ್ದೂ ಇದೆ. ಹೊರಗಿನಿಂದ ಕೂರಿಸಿದರೆ ಆ ಒತ್ತಡವೇ ಗಾಜನ್ನು ಚೌಕಟ್ಟಿಗೆ ಬಿಗಿಯುತ್ತದೆ. ಒಳಗಿನಿಂದ ಕೂರಿಸಿದರೆ ಅದೇ ಒತ್ತಡ ಕೀಳುತ್ತದೆ. ಅಂಚಿಗೆ ಸಿಲಿಕೋನ್ ತುಂಬುವಾಗ ವಿನೆಗರಿನ ಹುಳಿ ವಾಸನೆ ಬರುವಂಥದ್ದು ಬೇಡ, ಅದು ಸಿಮೆಂಟಿಗೆ ಹಿಡಿಯುವುದಿಲ್ಲ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ.

ಐದು. ಗೋಡೆಯ ಹೊರಮೈಗೆ ಎರಡು ಕೈ ಬಿಟುಮೆನ್ ಬಳಿದು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಬೆಳ್ತಂಗಡಿಯಲ್ಲಿ ನಾನು ಬಿಟ್ಟದ್ದು ಇದನ್ನೇ. ಮಣ್ಣಿನ ತೇವ ಕಾಂಕ್ರೀಟನ್ನು ಮುಟ್ಟದಂತೆ ಹೊರಗೇ ತಡೆಯಬೇಕು.

ಆರು. ಪೆಟ್ಟಿಗೆಯ ಬಾಯಿ ನೆಲದಿಂದ ಅರ್ಧ ಅಡಿ ಮೇಲಿರಲಿ. ಮೇಲಿನ ಗಾಜು ಇಳಿಜಾರಾಗಿರಲಿ, ಅಂಚು ಗೋಡೆಗಿಂತ ಎರಡು ಇಂಚು ಹೊರಗೆ ಬರಲಿ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೀವು ನೋಡಿದ್ದೀರಿ. ಕಲ್ಲಿನಲ್ಲಿ ಕಟ್ಟುವಾಗಲೂ ಅವರು ಮಾಡನ್ನು ಇಳಿಜಾರು ಮಾಡಿ ಹೊರಗೆ ಚಾಚಿಸಿದ್ದಾರೆ. ಈ ಮಳೆಗೆ ಅದೇ ಸರಿ.

ಏಳು. ಗಾಜಿನ ಮೇಲೆ ಮರದ ಮುಚ್ಚಳ, ಅದರ ಒಳಮೈಗೆ ಒಂದು ಇಂಚು ಥರ್ಮೋಕೋಲ್. ನೋಡುವಾಗ ಮಾತ್ರ ತೆಗೆಯುವುದು. ಇದರಿಂದ ರಾತ್ರಿ ಗಾಜು ತಣ್ಣಗಾಗುವುದಿಲ್ಲ, ಹನಿ ಕೂರುವುದು ಬಹಳ ಕಡಿಮೆಯಾಗುತ್ತದೆ. ಬೇರುಗಳೂ ಬೆಳಕಿನಿಂದ ದೂರ ಸರಿಯುತ್ತವೆ, ಅವುಗಳಿಗೆ ಕತ್ತಲೆ ಬೇಕು. ಗಾಜಿಗೆ ಪಾಚಿಯೂ ಹಿಡಿಯುವುದಿಲ್ಲ. ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಇಡಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವಲ್ಲಿ ಕಿತ್ತಳೆ ಬಣ್ಣದ್ದೇ ಒಳ್ಳೆಯದು. ಬಣ್ಣ ಬದಲಾದಾಗ 120 ಡಿಗ್ರಿ ಬಿಸಿಯಲ್ಲಿ ಒಣಗಿಸಿ ಮತ್ತೆ ಇಡಬಹುದು. ಆ ಗಾಜಿನ ಮೇಲೆ ಯಾರೂ ಹತ್ತಬಾರದು. ಮುಚ್ಚಳಕ್ಕೆ ಬೀಗ ಇರಲಿ. ವಾರಕ್ಕೊಮ್ಮೆ ಒಳಗೆ ನೀರು ನಿಂತಿದೆಯೇ ನೋಡಿ. ನಿಂತರೆ ಸೊಳ್ಳೆ ಹುಟ್ಟುತ್ತದೆ, ಡೆಂಗಿ ಬರುತ್ತದೆ.

ಆ ಪೆಟ್ಟಿಗೆ ಕಟ್ಟುವಾಗ ಶಾಲೆಯ ಮಕ್ಕಳು ಸುತ್ತ ನಿಂತು ಮೇಸ್ತ್ರಿಯವರನ್ನು ಪ್ರಶ್ನೆಗಳಿಂದ ಮುತ್ತಿದ್ದರು. ಒಬ್ಬಳು ಹುಡುಗಿ “ಸಾರ್, ಚಾಚು ಯಾಕೆ ಮೂರೇ ಬದಿಗೆ?” ಎಂದು ಕೇಳಿದಳು. ಅವರು ಹಿಂದೆ ತಿರುಗಿ ನೋಡಿದರು. ಸಾರ್ ಎಂದದ್ದು ನನಗೆ ಎಂದು ಅವರು ತಿಳಿದಿದ್ದರು. ಅವಳು ಕೇಳಿದ್ದು ಅವರನ್ನೇ. ಅವರು ಕರಣೆ ಕೆಳಗಿಟ್ಟು, ಕೈ ಒರೆಸಿ, ಕಿಟಕಿಯ ಕಡೆ ಬೇರಿಗೆ ಇಳಿಯಲು ಮಣ್ಣು ಬೇಕು, ಅಲ್ಲಿ ಕಾಂಕ್ರೀಟು ಅಡ್ಡ ಬರಬಾರದು ಎಂದು ವಿವರಿಸಿ ಹೇಳಿದರು. ನಾನು ಪಕ್ಕದಲ್ಲಿ ನಿಂತು ಕೇಳಿದೆ.

ಆ ವರ್ಷದ ಆಟಿ ತಿಂಗಳಿನಲ್ಲಿ ನಾನು ಆ ಶಾಲೆಗೆ ಹೋಗಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು. ಬರೆಯ ಕೆಳಗೆ ಪೈಪಿನ ಬಾಯಿಯಿಂದ ತೆಳ್ಳಗೆ, ನಿಲ್ಲದೆ, ಕೆಂಪು ಬಣ್ಣವೂ ಇಲ್ಲದ ತಿಳಿ ನೀರು ಬರುತ್ತಿತ್ತು. ಇಬ್ಬರು ಮಕ್ಕಳು ಕೊಡೆ ಹಿಡಿದರು, ಒಬ್ಬ ಮುಚ್ಚಳ ತೆಗೆದ. ಪೆಟ್ಟಿಗೆಯ ತಳ ಒಣಗಿತ್ತು. ಕಿಟಕಿಯ ಆಚೆ ಅಲಸಂಡೆಯ ಬೇರು ಗಾಜಿಗೆ ಅಂಟಿಕೊಂಡು ಇಳಿದಿತ್ತು. ಅದರ ಮೈಯಲ್ಲಿ ಸಾಸಿವೆಯಷ್ಟು, ಕೊತ್ತಂಬರಿ ಕಾಳಿನಷ್ಟು ಗಂಟುಗಳು. ಮಕ್ಕಳು ವಾರವಾರವೂ ಗಾಜಿನ ಒಳಬದಿಯಲ್ಲಿ ಪೆನ್ನಿನಿಂದ ಬೇರಿನ ತುದಿಗೆ ಗುರುತು ಹಾಕಿ ಪಕ್ಕದಲ್ಲಿ ದಿನಾಂಕ ಬರೆದಿದ್ದರು.

ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ ಇದೆ. ನಮ್ಮ ಮಕ್ಕಳು ಡಾಕ್ಟರ್, ಇಂಜಿನಿಯರ್ ಆಗಲಿ ಎಂದು ನಾವು ವಿದ್ಯಾರ್ಥಿವೇತನ ಕೊಡುತ್ತೇವೆ. ಕೊಡಲೇಬೇಕು. ಆದರೆ ಅದೇ ಶಾಲೆಗಳಲ್ಲಿ ಬಾವಿ ತೋಡುವವರ, ಕಲ್ಲು ಕೋರೆಯಲ್ಲಿ ದುಡಿಯುವವರ, ಗಾರೆ ಕೆಲಸದವರ ಮಕ್ಕಳು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ಮನೆಯಲ್ಲಿ ಅವರು ಕಲಿತದ್ದು ವಿದ್ಯೆಯೇ ಅಲ್ಲ ಎಂದು ಅವರು ತಿಳಿದಿದ್ದಾರೆ. ಹಾಗೆ ತಿಳಿಯುವಂತೆ ಮಾಡಿದವರಲ್ಲಿ ನಾನೂ ಒಬ್ಬ. ಸಂಘದ ವತಿಯಿಂದ ಮುಂದಿನ ವರ್ಷ ಮೂರು ತಾಲೂಕುಗಳಲ್ಲಿ ಒಂದೊಂದು ಶಾಲೆಯಲ್ಲಾದರೂ ಇಂಥ ಒಂದು ಪೆಟ್ಟಿಗೆ ಕಟ್ಟೋಣ. ಲೆಕ್ಕವನ್ನು ಮಕ್ಕಳು ಮಾಡಲಿ. ಜಾಗವನ್ನು ಮಾತ್ರ ಊರಿನ ಬಾವಿ ತೋಡುವವರನ್ನು ಕರೆದು, ಕುರ್ಚಿ ಕೊಟ್ಟು ಕೂರಿಸಿ, ಕೇಳಿ ಆಯ್ಕೆ ಮಾಡೋಣ.

ವಿದ್ಯಾರ್ಥಿಗಳೇ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ ಎಂದು ಹಗ್ಗಕ್ಕೆ ಗಂಟು ಹಾಕಿ ಅಳೆದು ಬರೆದಿಡಿ. ಪ್ರತಿ ತಿಂಗಳೂ ಒಂದನೇ ತಾರೀಕಿಗೆ ಅಳೆಯಿರಿ. ಆ ಹನ್ನೆರಡು ಅಂಕಿಗಳನ್ನು ಹಿಡಿದುಕೊಂಡು ಮುಂದಿನ ವರ್ಷ ಇಲ್ಲಿಗೆ ಬನ್ನಿ. ಪೆಟ್ಟಿಗೆ ಎಲ್ಲಿ ಕಟ್ಟಬೇಕೆಂದು ಅವುಗಳನ್ನು ನೋಡಿಯೇ ಮಾತನಾಡೋಣ.